ಕುರಿ ಅಲ್ಲಿಯದು, ಕತ್ತರಿ ಇಲ್ಲಿಯದು

ಮೆಲ್ಬರ್ನ್ ನಗರದಲ್ಲಿ ಜುಲೈ ಎಂದರೆ ನಡು ಚಳಿಗಾಲ. ನಮ್ಮೂರಿನ ಜನ ಆಷಾಢದ ಗಾಳಿಗೆ ಕಿಟಕಿ ಮುಚ್ಚಿಕೊಳ್ಳುವ ಹೊತ್ತಿನಲ್ಲಿ ಅಲ್ಲಿಯವರು ಉಣ್ಣೆಯ ಕೋಟು ತೊಟ್ಟು, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಟ್ರಾಮಿಗಾಗಿ ಕಾದು ನಿಂತಿರುತ್ತಾರೆ. 2023ರ ಅಂಥದೊಂದು ಮುಂಜಾನೆ ನಾನೂ ಹಾಗೆಯೇ ನಿಂತಿದ್ದೆ. ಮೈಮೇಲೆ ಬೆಂಗಳೂರಿನಲ್ಲಿ ಹೊಲಿಸಿ ತಂದ ಹೊಸ ಸೂಟು. ಡ್ರೈಕ್ಲೀನಿಂಗಿನಿಂದ ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು ನನ್ನ ಎದೆಯ ಕಡೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಸುಮ್ಮನಾದರು. ಕಚೇರಿಯ ಕನ್ನಡಿಯ ಮುಂದೆ ನಿಂತಾಗ ಕಾರಣ ತಿಳಿಯಿತು. ಕೋಟಿನ ಎದೆಯ ತುಂಬ, ಸುಟ್ಟ ಹಪ್ಪಳದ ಮೇಲೆ ಏಳುವಂಥ ಗುಳ್ಳೆಗಳು!

ವಾಚಕರು ನಗಬಹುದು. ನನಗೆ ಆ ದಿನ ನಗು ಬರಲಿಲ್ಲ. ಪರದೇಶದಲ್ಲಿ ಹೊಟ್ಟೆ ಹೊರೆಯುವವನಿಗೆ ಮೈಮೇಲಿನ ಬಟ್ಟೆಯೇ ಮೊದಲ ಪರಿಚಯಪತ್ರ. ಆ ಪತ್ರದಲ್ಲಿಯೇ ತಪ್ಪಿದ್ದರೆ ಮುಂದಿನ ಮಾತಿಗೆ ಬೆಲೆ ಎಲ್ಲಿಯದು?

ನಾಲ್ಕು ದಿನದ ಸೂಟು

ತಪ್ಪು ಯಾರದು ಎಂದು ವಿಚಾರಿಸಿದರೆ ಅರ್ಧ ಪಾಲು ನನ್ನದೇ. ಆಸ್ಟ್ರೇಲಿಯದಲ್ಲಿ ನೆಲೆಸಿರುವ ನಮ್ಮವರು ತಾಯ್ನಾಡಿಗೆ ಬರುವುದು ಎರಡು ಮೂರು ವಾರಗಳ ಮಟ್ಟಿಗೆ. ಬಂಧುಗಳ ಮನೆ, ದೇವಸ್ಥಾನ, ಬ್ಯಾಂಕು, ಹಲ್ಲಿನ ವೈದ್ಯರು ಎಲ್ಲವೂ ಮುಗಿದು, ಹೊರಡಲು ನಾಲ್ಕು ದಿನ ಉಳಿದಾಗ ಸೂಟಿನ ನೆನಪಾಗುತ್ತದೆ. ಅಲ್ಲಿ ಅಳತೆ ಕೊಟ್ಟು ಸೂಟು ಹೊಲಿಸುವುದು ಸಿರಿವಂತರ ಹವ್ಯಾಸ. ಉಳಿದವರೆಲ್ಲ ಸಿದ್ಧ ಉಡುಪಿನವರು. ಜೂನ್ 30ಕ್ಕೆ ಅಲ್ಲಿಯ ಆರ್ಥಿಕ ವರ್ಷ ಮುಗಿಯುವಾಗಲೋ, ಡಿಸೆಂಬರ್ 26ರಂದೋ ನಡೆಯುವ ರಿಯಾಯಿತಿ ಮಾರಾಟದಲ್ಲಿ ಕೊಂಡು, ತೋಳು ಉದ್ದವಾದರೆ ಕತ್ತರಿಸಲು ಮತ್ತೆ ಹಣ ಕೊಡುವವರು. ಹೀಗಿರುವಾಗ ಬೆಂಗಳೂರಿನ ಹೊಲಿಗೆಯ ಕೂಲಿ ನಮ್ಮ ಕಣ್ಣಿಗೆ ಪ್ರಸಾದದಂತೆ ಕಾಣುವುದರಲ್ಲಿ ಆಶ್ಚರ್ಯವೇನು?

2023ರ ಜನವರಿಯಲ್ಲಿ ನಾನು ನಗರದ ಒಂದು ಥಳಕಿನ ಅಂಗಡಿಗೆ ಹೋಗಿ, ನಾಲ್ಕು ದಿನದಲ್ಲಿ ಬೇಕೆಂದೆ. ಅವರು ಆಗಲಿ ಎಂದರು. ಆಗಲಿ ಎಂದವರದು ಎಷ್ಟು ತಪ್ಪೋ ಕೇಳಿದವನದೂ ಅಷ್ಟೇ ತಪ್ಪು. ಕೋಟಿನ ಎದೆ ಬಿಗುವಾಗಿ ನಿಲ್ಲಬೇಕಾದರೆ ಹೊರಬಟ್ಟೆಗೂ ಅಸ್ತರಿಗೂ ನಡುವೆ ಒಂದು ಗಟ್ಟಿ ಬಟ್ಟೆ ಇರಬೇಕು. ಅದನ್ನು ಕೈಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸುವುದು ಹಳೆಯ ಪದ್ಧತಿ. ಹಾಗೆ ಕೂರಿಸಿದ ಕ್ಯಾನ್ವಾಸು ಮೈಯೊಡನೆ ಬಾಗುತ್ತದೆ. ಅಂಟು ಬಳಿದ ಬಟ್ಟೆಯನ್ನು ಕಾದ ಇಸ್ತ್ರಿಯಿಂದ ಒತ್ತಿ ಕೂರಿಸುವುದು ಅವಸರದ ಪದ್ಧತಿ. ಒಳ್ಳೆಯ ಅಂಟು, ಸರಿಯಾದ ಶಾಖ, ಸರಿಯಾದ ಒತ್ತಡ ಇದ್ದರೆ ಅದೂ ಬಹುಕಾಲ ಬಾಳುತ್ತದೆ. ಯಾವುದೊಂದು ಕಡಿಮೆಯಾದರೂ ಡ್ರೈಕ್ಲೀನಿಂಗಿನ ರಸಾಯನ ತಗುಲಿದೊಡನೆ ಅಂಟು ಅಲ್ಲಲ್ಲಿ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಒಮ್ಮೆ ಎದ್ದ ಗುಳ್ಳೆಗೆ ಮದ್ದಿಲ್ಲ.

ಕುರಿಯ ಪ್ರಯಾಣ

ಇಲ್ಲಿ ಇನ್ನೊಂದು ವಿನೋದವುಂಟು. ಸೂಟಿಗಾಗಿ ನಾನು ಆಸ್ಟ್ರೇಲಿಯದಿಂದ ಬೆಂಗಳೂರಿಗೆ ಬರುವ ಮೊದಲೇ ಆ ಸೂಟಿನ ಉಣ್ಣೆಯೂ ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿದು ಬಂದಿರುತ್ತದೆ!

ನಮ್ಮ ನಾಡಿನಲ್ಲಿ ಕುರಿಗೆ ಬರವಿಲ್ಲ. ಚಳ್ಳಕೆರೆಯ ಕಡೆಯ ಕರಿಕಂಬಳಿ ಹೊದ್ದವನಿಗೆ ಮಳೆಯ ಭಯವಿಲ್ಲ, ಚಳಿಯ ಭಯವಿಲ್ಲ. ಆದರೆ ಆ ಉಣ್ಣೆ ಒರಟು. ಕಂಬಳಿಗೆ, ಜಮಖಾನೆಗೆ ಸಲ್ಲುತ್ತದೆಯೇ ಹೊರತು ಕೋಟಿಗಲ್ಲ. ನಯವಾದ ಉಣ್ಣೆ ಮೆರಿನೊ ಕುರಿಯದು. ಸ್ಪೇನ್ ಮೂಲದ ಈ ತಳಿ ಗುಡ್ ಹೋಪ್ ಭೂಶಿರದ ಮಾರ್ಗವಾಗಿ ಸಿಡ್ನಿಯನ್ನು ಮುಟ್ಟಿದ್ದು 1797ರಲ್ಲಿ. ಅಲ್ಲಿಂದ ಮುಂದೆ ಆ ಖಂಡದ ಬಾಳನ್ನು ಕುರಿಯೇ ಹೊತ್ತಿತೆಂದರೆ ಅತಿಶಯೋಕ್ತಿಯಲ್ಲ. ಇಂದು ಭಾರತದ ಗಿರಣಿಗಳಲ್ಲಿ ನೇಯುವ ಸೂಟಿನ ಬಟ್ಟೆಗೆ ಬೇಕಾದ ನಯವಾದ ಉಣ್ಣೆಯಲ್ಲಿ ಬಹುಪಾಲು ಆಸ್ಟ್ರೇಲಿಯದಿಂದಲೇ ಬರುತ್ತದೆ. ಎರಡು ದೇಶಗಳ ನಡುವಣ ವ್ಯಾಪಾರ ಒಪ್ಪಂದವು 2022ರ ಡಿಸೆಂಬರ್ 29ರಂದು ಜಾರಿಗೆ ಬಂದಾಗ ಈ ಉಣ್ಣೆಯ ಮೇಲಿದ್ದ ಆಮದು ಸುಂಕವೂ ತೊಲಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನವೂ ಆರಂಭವಾಗಿತ್ತು. ಕುರಿಯ ತುಪ್ಪಟಕ್ಕೂ ಕನ್ನಡಿಗನಿಗೂ ಒಂದೇ ವರ್ಷ ದಾರಿ ಸುಗಮವಾಯಿತೆನ್ನಬೇಕು.

ತಿಲಕ್ ನಗರದ ಓಣಿಯಲ್ಲಿ

2025ರ ನವೆಂಬರಿನಲ್ಲಿ ಅಕ್ಕನ ಮಗಳ ಮದುವೆ. ನಾನು ಬಂದಿಳಿದ ದಿನವೇ, ಜಯನಗರದ ಮನೆಯಲ್ಲಿ ಕಾಫಿ ಕುಡಿಯುತ್ತ, ಹಳೆಯ ಕೋಟನ್ನು ಭಾವನವರ ಮುಂದೆ ಹರಡಿದೆ. ಅವರು ಗುಳ್ಳೆಗಳ ಮೇಲೆ ಬೆರಳಾಡಿಸಿ, “ಇದಕ್ಕೆ ತಿಲಕ್ ನಗರವೇ ಸರಿ, ಏಳಿ” ಎಂದರು.

1948ರಲ್ಲಿ ಅಸ್ತಿವಾರ ಹಾಕಿಸಿಕೊಂಡ ಜಯನಗರಕ್ಕೆ ನೇರವಾದ ರಸ್ತೆಗಳು, ನೆರಳು ಕೊಡುವ ಮರಗಳು. ಅದರ ಮಗ್ಗುಲಲ್ಲೇ ಇರುವ ತಿಲಕ್ ನಗರದ ರೀತಿಯೇ ಬೇರೆ. ಮಸೀದಿಯ ಬಾಂಗು, ದೇವಸ್ಥಾನದ ಗಂಟೆ, ತರಕಾರಿ ಗಾಡಿಯವನ ಕೂಗು. ಉರ್ದು, ಕನ್ನಡ, ತಮಿಳು ಒಂದರೊಳಗೊಂದು ಹೆಣೆದುಕೊಂಡ ಮಾತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡತೊಡಗಿದ ಮೇಲೆ ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದು ಈ ಕಡೆ ಬರುವುದು ಸುಲಭವಾಗಿದೆ. ಆದರೆ ಓಣಿಯೊಳಗಿನ ಹೊಲಿಗೆ ಯಂತ್ರದ ಟಕಟಕ ಸದ್ದಿಗೆ ಮೆಟ್ರೊವಿನ ಅವಸರ ಇನ್ನೂ ತಟ್ಟಿಲ್ಲ.

ಹತ್ತು ಅಡಿ ಅಗಲದ ಅಂಗಡಿ. ಗೋಡೆಯ ತುಂಬ ಕಾಗದದ ಕಟ್ಟುಗಳು. ಕೊರಳಿನಲ್ಲಿ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ವೃದ್ಧ ಮಾಸ್ಟರು. ನನ್ನ ಕೋಟನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿದರೇ ಹೊರತು ಹೊಲಿದವರನ್ನು ಬೈಯಲಿಲ್ಲ.

“ಯಾವಾಗ ಬೇಕು ಸಾರ್?”

“ಹನ್ನೆರಡು ದಿನಕ್ಕೆ ಮದುವೆ, ಮಾಸ್ಟರ್.”

“ಹಾಗಾದರೆ ಆಗುತ್ತೆ. ನಾಲ್ಕು ದಿನ ಅಂದಿದ್ದರೆ, ಬೇರೆ ಕಡೆ ಹೋಗಿ ಅಂತಿದ್ದೆ.”

ಬಟ್ಟೆಯ ವಿಷಯ ಬಂತು. ನಾನು ಜಾಣತನ ಮೆರೆಯಲು ‘ಸೂಪರ್ 150’ ಬೇಕೆಂದೆ. ಈ ಅಂಕಿಯ ಗುಟ್ಟು ಅನೇಕರಿಗೆ ತಿಳಿಯದು. ಅದು ಉಣ್ಣೆಯ ಎಳೆಯ ನಯವನ್ನು ಹೇಳುವ ಅಂಕಿ, ಬಾಳಿಕೆಯನ್ನಲ್ಲ. ಸೂಪರ್ 100 ಎನ್ನಿಸಿಕೊಳ್ಳಲು ಎಳೆಯ ದಪ್ಪ ಸರಾಸರಿ 18.75 ಮೈಕ್ರಾನ್ ಮೀರಬಾರದು. ಅಂಕಿ ಹತ್ತು ಏರಿದಂತೆ ದಪ್ಪ ಅರ್ಧ ಮೈಕ್ರಾನ್ ಇಳಿಯಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಎಳೆ ಸಣ್ಣದಾದಷ್ಟೂ ಬಟ್ಟೆ ಮೃದು, ಅಷ್ಟೇ ನಾಜೂಕು. “ದಿನಾ ಆಫೀಸಿಗೆ ಹಾಕಿಕೊಳ್ಳೋರಿಗೆ ನೂರು ಸಾಕು ಸಾರ್. ನೂರೈವತ್ತು, ಕುರ್ಚಿ ಮೇಲೆ ಕೂತು ಕೂತೇ ಸವೆದುಹೋಗುತ್ತೆ” ಎಂದರು ಮಾಸ್ಟರು. ಮೂರೂಕಾಲು ಮೀಟರ್ ಬಟ್ಟೆ ಕೊಂಡು ತಂದೆವು. ಹೆಚ್ಚಿನ ಬೆಲೆಯದನ್ನು ಬೇಡವೆಂದ ಅವರಿಗೆ ಅದರಿಂದ ಲಾಭವೇನೂ ಇರಲಿಲ್ಲ.

ಅಳತೆ ಆರಂಭವಾಯಿತು. ಭುಜಕ್ಕೆ ಟೇಪು ಹಿಡಿದವರು ಒಂದು ಕ್ಷಣ ನಿಂತರು.

“ಬಲಗಡೆ ಬ್ಯಾಗು ನೇತುಹಾಕಿಕೊಳ್ಳುತ್ತೀರಾ ಸಾರ್?”

“ಹೌದು, ಇಪ್ಪತ್ತು ವರ್ಷದಿಂದ. ಏಕೆ?”

“ಭುಜ ಇಳಿದಿದೆ. ಅದಕ್ಕೇ ಹಳೇ ಕೋಟು ಒಂದು ಕಡೆ ಜೋತುಬೀಳೋದು.”

ಎಷ್ಟೋ ವರ್ಷಗಳಿಂದ ಮೆಲ್ಬರ್ನಿನ ಎಷ್ಟೋ ಅಂಗಡಿಗಳ ಕನ್ನಡಿಯ ಮುಂದೆ ನಿಂತಿದ್ದೇನೆ. ಎಲ್ಲರೂ ‘ಚೆನ್ನಾಗಿ ಒಪ್ಪುತ್ತದೆ’ ಎಂದೇ ಹೇಳಿದ್ದರು. ನನ್ನ ಶರೀರವನ್ನು ನಿಜವಾಗಿ ನೋಡಿದವರು ಇವರೊಬ್ಬರೇ ಎನ್ನಿಸಿ ಗಂಟಲು ಕಟ್ಟಿತು.

ಐದನೆಯ ದಿನ ಕಚ್ಚಾ ಹೊಲಿಗೆಯ ಮೊದಲ ಟ್ರಯಲ್. ಒಂದೇ ತೋಳು, ಬಿಳಿ ನೂಲು, ಸೀಮೆಸುಣ್ಣದ ಗೆರೆಗಳು. ಒಂಬತ್ತನೆಯ ದಿನ ಎರಡನೆಯ ಟ್ರಯಲ್. ಇಳಿದ ಭುಜಕ್ಕೆ ಒಳಗೆ ತೆಳುವಾದ ಹತ್ತಿಯ ಪದರ ಸೇರಿತ್ತು. ಪ್ಯಾಂಟಿನ ಸೊಂಟದಲ್ಲಿ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದರು. ಏಕೆಂದು ಕೇಳಿದೆ. “ಮುಂದಿನ ಸಲ ಬರುವಾಗ ಹೊಟ್ಟೆಯೂ ಜೊತೆಗೆ ಬರುತ್ತಲ್ಲ ಸಾರ್” ಎಂದು ನಕ್ಕರು.

ಫ್ಲಿಂಡರ್ಸ್ ಲೇನ್ ಹೇಳಿದ ಪಾಠ

ಮೆಲ್ಬರ್ನಿನಲ್ಲಿ ಫ್ಲಿಂಡರ್ಸ್ ಲೇನ್ ಎಂಬ ಬೀದಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಅದು ಆ ನಗರದ ಉಡುಪು ತಯಾರಿಕೆಯ ಕೇರಿಯಾಗಿತ್ತು. ಇಂದು ಅಲ್ಲಿ ಹೋಟೆಲುಗಳೂ ಕಾಫಿಯಂಗಡಿಗಳೂ ತುಂಬಿವೆ. ನಾನು ಪ್ರತಿದಿನ ಆ ಬೀದಿಯಲ್ಲಿ ನಡೆಯುತ್ತೇನೆ. ಕಟ್ಟಡಗಳು ಹಾಗೆಯೇ ಇವೆ. ಕತ್ತರಿಯ ಸದ್ದು ಮಾತ್ರ ಇಲ್ಲ.

ತಿಲಕ್ ನಗರದ ಅಂಗಡಿಯಲ್ಲಿ ಆ ಬೀದಿ ನನಗೆ ನೆನಪಾಯಿತು. “ನಿಮ್ಮ ನಂತರ ಯಾರು ಮಾಸ್ಟರ್?” ಎಂದು ಕೇಳಿದೆ. ಅವರು ಕಾಜಾ ಹಾಕುತ್ತಿದ್ದ ಸೂಜಿಯನ್ನು ನಿಲ್ಲಿಸಲಿಲ್ಲ. “ಮಗ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಷರ್ಟೂ ಫೋನಿನಲ್ಲೇ ತರಿಸಿಕೊಳ್ಳುತ್ತಾನೆ. ತಪ್ಪಲ್ಲ ಸಾರ್, ಅವನಿಗೆ ತಿಂಗಳ ಸಂಬಳ ಇದೆ, ಬೆನ್ನು ನೋವಿಲ್ಲ.”

ಈ ಮಾತಿಗೆ ನಾನು ಯಾವ ಉತ್ತರ ಕೊಡಲಿ? ನಾನೂ ಬೆನ್ನು ನೋವಿಲ್ಲದ ಸಂಬಳವನ್ನು ಅರಸಿ ಸಮುದ್ರ ದಾಟಿದವನೇ.

ಆದರೂ ಪರದೇಶದಿಂದ ಬರುವ ನನ್ನ ಬಂಧುಗಳಿಗೆ ಒಂದು ಬಿನ್ನಹ. ಬೆಂಗಳೂರಿನ ಹೊಲಿಗೆಯಲ್ಲಿ ನಮಗಿರುವ ದೊಡ್ಡ ಲಾಭ ಅಗ್ಗದ ಕೂಲಿಯಲ್ಲ, ಎರಡನೆಯ ಟ್ರಯಲ್. ಆದ್ದರಿಂದ ಬಂದಿಳಿದ ದಿನವೇ ಮಾಸ್ಟರ ಬಳಿ ಹೋಗಿ, ಹೊರಡುವ ದಿನವಲ್ಲ. ಕೋಟಿನ ಎದೆಗೆ ಅಂಟೋ ಕೈಹೊಲಿಗೆಯೋ ಎಂದು ಕೇಳಿ, ಕೈಹೊಲಿಗೆಗೆ ಹೆಚ್ಚು ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಊರಿಗೆ ಮರಳಿದ ಮೇಲೆ ಅಗಲ ಭುಜದ ಹ್ಯಾಂಗರಿಗೆ ಹಾಕಿಡಿ. ಒಂದು ರಾತ್ರಿ ತೂಗಿದರೆ ಉಣ್ಣೆಯ ಸುಕ್ಕು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಪದೇ ಪದೇ ಡ್ರೈಕ್ಲೀನಿಂಗಿಗೆ ಕೊಡಬೇಡಿ.

ಮದುವೆಯ ಮುನ್ನಾದಿನ ಸೂಟು ಕೈಸೇರಿತು. ತೊಟ್ಟು ನಿಂತಾಗ ಅಕ್ಕ ಹಿಂದಿನಿಂದ ನೋಡಿ, “ಏನೋ, ನೆಟ್ಟಗೆ ನಿಲ್ಲೋದು ಯಾವಾಗ ಕಲಿತೆ?” ಎಂದಳು. ಮಾಸ್ಟರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ.

ಹಣ ಎಣಿಸಿಕೊಂಡ ಮೇಲೆ ಅವರು ಅಳತೆ ಪುಸ್ತಕವನ್ನು ತೆರೆದರು. ನನ್ನ ಹೆಸರಿನ ಮುಂದೆ ಅಂಕಿಗಳ ಸಾಲು. ಅದರ ಪಕ್ಕದಲ್ಲಿ ಭುಜದ ಗೆರೆಯೊಂದನ್ನು, ಬಲಕ್ಕೆ ತುಸು ಇಳಿಜಾರಾಗಿ, ಎಳೆದಿದ್ದರು. ಕೆಳಗೆ ‘ಆಸ್ಟ್ರೇಲಿಯಾ’ ಎಂದು ಬರೆದು ಪುಸ್ತಕ ಮುಚ್ಚಿದರು. “ಬ್ಯಾಗನ್ನ ಇನ್ನು ಎಡಗಡೆ ಹಾಕಿಕೊಳ್ಳಿ ಸಾರ್” ಎಂದರು.

ಮೆಲ್ಬರ್ನಿನ ಟ್ರಾಮಿಗಾಗಿ ನಿಂತಾಗ ಈಗ ಎಡ ಹೆಗಲಿಗೇ ಹಾಕಿಕೊಳ್ಳುತ್ತೇನೆ.