ಒಂದೇ ಬೆಂಚು, ನಾಲ್ಕು ಬೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಆ ಗಾದೆ ಹುಟ್ಟಿದ ಕಾಲಕ್ಕೆ ಇಂಜಿನಿಯರಿಂಗ್ ಕಾಲೇಜುಗಳಿರಲಿಲ್ಲ. ಇದ್ದಿದ್ದರೆ ‘ಮಕ್ಕಳನ್ನು ಓದಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಬಿಡುತ್ತಿರಲಿಲ್ಲ.

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದಿತೆಂದರೆ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಒಂದೇ ಮಾತು. ಸಿ.ಇ.ಟಿ. ರ‍್ಯಾಂಕ್ ಎಷ್ಟು ಬಂದೀತು? ಆಪ್ಷನ್ ಎಂಟ್ರಿಯಲ್ಲಿ ಯಾವ ಕಾಲೇಜನ್ನು ಮೊದಲು ಬರೆಯಬೇಕು? ನೆರೆಮನೆಯವರನ್ನು ಕೇಳುತ್ತಾರೆ, ಬೆಂಗಳೂರಿನಲ್ಲಿರುವ ಸೋದರಮಾವನನ್ನು ಕೇಳುತ್ತಾರೆ. ‘ಯಾವ ಕಾಲೇಜು ಒಳ್ಳೆಯದು?’ ಎಂಬ ಪ್ರಶ್ನೆಗೆ ಹತ್ತು ಜನರಿಂದ ಹತ್ತು ಉತ್ತರಗಳು ದೊರೆಯುತ್ತವೆ. ಆದರೆ ಕೇಳಲೇಬೇಕಾದ ಎರಡು ಪ್ರಶ್ನೆಗಳನ್ನು ಕೇಳುವವರು ವಿರಳ. ಓದು ಮುಗಿದ ದಿನ ತಲೆಯ ಮೇಲೆ ಸಾಲ ಎಷ್ಟಿರುತ್ತದೆ? ಆ ಕಾಲೇಜಿನಿಂದ ಹೊರಬಂದ ಸಾಧಾರಣ ವಿದ್ಯಾರ್ಥಿಯ ಸಂಪಾದನೆ ಆ ಸಾಲವನ್ನು ತೀರಿಸಲು ಸಾಕಾಗುತ್ತದೆಯೇ? ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲೆಣಿಸಿ, ಸುಳಿ ನೋಡಿ, ಗಾಡಿಗೆ ಕಟ್ಟಿ ಪರೀಕ್ಷಿಸುವ ರೈತನೂ ಮಗಳ ಕಾಲೇಜನ್ನು ಆರಿಸುವಾಗ ಜಾಹೀರಾತಿನ ಹಲಗೆಯನ್ನು ನಂಬಿಬಿಡುತ್ತಾನೆ.

ವಾರಾನ್ನದಿಂದ ಕ್ಯಾಪಿಟೇಷನ್‌ವರೆಗೆ

ವಿದ್ಯೆಗೆ ಖರ್ಚು ಇಲ್ಲದ ಕಾಲ ಎಂದೂ ಇರಲಿಲ್ಲ. ಅದನ್ನು ಹೊರುವವರು ಬೇರೆ ಇದ್ದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರು, ಸಿದ್ಧಗಂಗೆಯಂಥ ಮಠಗಳ ಉಚಿತ ವಸತಿಯಲ್ಲಿ ಬೆಳೆದವರು, ಸಮಾಜದ ಸಂಘಗಳು ಕಟ್ಟಿಸಿದ ವಿದ್ಯಾರ್ಥಿನಿಲಯಗಳಲ್ಲಿ ತಂಗಿ ಪದವಿ ಪಡೆದವರು ಈ ನಾಡಿನಲ್ಲಿ ಅಸಂಖ್ಯ. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಕಾಲೇಜನ್ನು ಸ್ಥಾಪಿಸಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕಾಲೇಜು ತೆರೆಯಿತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ಕಟ್ಟಿದರು. ಸರ್ಕಾರದ ಹಣಕ್ಕೆ ಕಾಯದೆ, ವಿದ್ಯಾರ್ಥಿಗಳು ಕೊಟ್ಟ ಹಣದಿಂದಲೇ ಕಾಲೇಜು ನಡೆಸಬಹುದೆಂಬುದನ್ನು ಮಣಿಪಾಲ ತೋರಿಸಿಕೊಟ್ಟಿತು.

ಆ ದಾರಿಯಲ್ಲಿ ಬಳಿಕ ಅನೇಕರು ನಡೆದರು. ಊರೂರಿಗೆ ಕಾಲೇಜುಗಳಾದವು, ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಕರ್ನಾಟಕಕ್ಕೆ ಬಂದರು. ಅದರೊಂದಿಗೆ ‘ಕ್ಯಾಪಿಟೇಷನ್’ ಎಂಬ ಪದವೂ ಮನೆಮಾತಾಯಿತು. 1984ರಲ್ಲಿ ಕರ್ನಾಟಕದ ವಿಧಾನಮಂಡಲ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಶಾಸನವನ್ನೇ ಮಾಡಬೇಕಾಯಿತು. 1989ರ ಜೂನ್‌ನಲ್ಲಿ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಳು. ಹಣವಿದ್ದವರಿಗೆ ಮಾತ್ರ ವಿದ್ಯೆ ಎಂಬ ಏರ್ಪಾಡು ಸಂವಿಧಾನಕ್ಕೆ ವಿರುದ್ಧವೆಂದು 1992ರಲ್ಲಿ ತೀರ್ಪಾಯಿತು.

ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅರ್ಧ ಸೀಟು ಕಡಿಮೆ ಶುಲ್ಕಕ್ಕೆ, ಇನ್ನರ್ಧ ಹೆಚ್ಚಿನ ಶುಲ್ಕಕ್ಕೆ ಎಂಬ ಯೋಜನೆಯನ್ನು ರೂಪಿಸಿತು. 1994ರಿಂದ ಕರ್ನಾಟಕದಲ್ಲಿ ಸಿ.ಇ.ಟಿ. ಘಟಕ ಪ್ರವೇಶ ಪರೀಕ್ಷೆಯನ್ನು ನಡೆಸತೊಡಗಿತು. ಸಿರಿವಂತನ ಮಗನೂ ಕೂಲಿಕಾರನ ಮಗಳೂ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕುಳಿತದ್ದು ಸಣ್ಣ ಸಂಗತಿಯಲ್ಲ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಆ ಯೋಜನೆಯನ್ನು ತೆಗೆದುಹಾಕಿತು. ಮುಂದೆ 2006ರಲ್ಲಿ ರಾಜ್ಯವು ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶ ಮತ್ತು ಶುಲ್ಕದ ಬಗೆಗೆ ಹೊಸ ಶಾಸನವನ್ನು ಮಾಡಿತು. ಶಾಸನ, ತೀರ್ಪು ಮತ್ತು ಸರ್ಕಾರಕ್ಕೂ ಕಾಲೇಜುಗಳಿಗೂ ನಡುವಣ ಒಪ್ಪಂದಗಳಿಂದ ಇಂದಿನ ವ್ಯವಸ್ಥೆ ರೂಪುಗೊಂಡಿದೆ.

ನಾಲ್ವರು ಸಹಪಾಠಿಗಳು

ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರನ್ನು ಓದುಗರು ಊಹಿಸಿಕೊಳ್ಳಬಹುದು. ಮೊದಲನೆಯವಳು ಸಿ.ಇ.ಟಿ. ಮೂಲಕ ಸರ್ಕಾರಿ ಸೀಟು ಪಡೆದವಳು. ಇಂಥ ಸೀಟುಗಳು ಸಾಮಾನ್ಯವಾಗಿ ನೂರಕ್ಕೆ 45. ಎರಡನೆಯವನು ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆ ಪರೀಕ್ಷೆ ಬರೆದು ಬಂದವನು. ಇವು ನೂರಕ್ಕೆ 30. ಉಳಿದ 25ರಲ್ಲಿ ಮೂರನೆಯವನದು ಮ್ಯಾನೇಜ್‌ಮೆಂಟ್ ಸೀಟು, ನಾಲ್ಕನೆಯವಳದು ಅನಿವಾಸಿ ಭಾರತೀಯರ ಸೀಟು. ಸರ್ಕಾರಿ ಸೀಟಿನ ಶುಲ್ಕಕ್ಕೆ ಹೋಲಿಸಿದರೆ ಕಾಮೆಡ್-ಕೆ ಸೀಟಿನ ಶುಲ್ಕ ಸುಮಾರು ಇಮ್ಮಡಿ ಅಥವಾ ಅದಕ್ಕೂ ಮೇಲೆ. ಬೇಡಿಕೆಯಿರುವ ಶಾಖೆಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿನದು ಹಲವು ಪಟ್ಟು.

ನಾಲ್ವರಿಗೂ ಅಧ್ಯಾಪಕರು ಅವರೇ, ಪ್ರಯೋಗಶಾಲೆ ಅದೇ, ಪರೀಕ್ಷೆಯೂ ಅದೇ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕೊಡುವ ಪದವಿಪತ್ರದಲ್ಲಿ ಯಾರು ಯಾವ ಸೀಟಿನವರೆಂಬ ನಮೂದು ಇರುವುದಿಲ್ಲ. ಕೆಲಸ ಕೊಡುವ ಕಂಪನಿಯೂ ಅದನ್ನು ಕೇಳುವುದಿಲ್ಲ. ಹೆಚ್ಚು ಶುಲ್ಕ ತೆತ್ತವನೆಂದು ಹೆಚ್ಚು ಸಂಬಳ ಕೊಡುವುದಿಲ್ಲ. ಎಂದ ಮೇಲೆ, ಒಂದೇ ಕಾಲೇಜಿನಲ್ಲಿ ಕೊಟ್ಟ ಹೆಚ್ಚಿನ ಹಣ ಬಾಗಿಲನ್ನು ತೆರೆಸಿತೇ ಹೊರತು ಒಳಗಿನ ವಿದ್ಯೆಯನ್ನು ಹೆಚ್ಚಿಸಲಿಲ್ಲ.

ಇದರೊಳಗೆ ಇನ್ನೊಂದು ಭೇದವಿದೆ. ಹಾಸನ, ಮಂಡ್ಯ, ಮೈಸೂರು, ಬಾಗಲಕೋಟೆ, ಕಲಬುರಗಿ ಮುಂತಾದೆಡೆಗಳ ಕೆಲವು ಹಳೆಯ ಖಾಸಗಿ ಕಾಲೇಜುಗಳಲ್ಲಿ ಕೆಲವು ಶಾಖೆಗಳು ಸರ್ಕಾರದ ಅನುದಾನಕ್ಕೆ ಒಳಪಟ್ಟಿವೆ. ಅಧ್ಯಾಪಕರ ಸಂಬಳವನ್ನು ಸರ್ಕಾರ ಭರಿಸುವುದರಿಂದ ಅಲ್ಲಿ ಶುಲ್ಕ ಕಡಿಮೆ. ಅದೇ ಆವರಣದ ಅನುದಾನರಹಿತ ಶಾಖೆಯಲ್ಲಿ ಶುಲ್ಕ ಬೇರೆ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜಿನ ಹೆಸರನ್ನಷ್ಟೇ ನೋಡಿ ಈ ಭೇದವನ್ನು ಗಮನಿಸದವರಿಗೆ ನಾಲ್ಕು ವರ್ಷದಲ್ಲಿ ಆಗುವ ನಷ್ಟ ಅಲ್ಪವಲ್ಲ.

ಶುಲ್ಕವೊಂದೇ ಖರ್ಚೂ ಅಲ್ಲ. ರಾಯಚೂರಿನ ಹುಡುಗಿ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಊಟ ವಸತಿಗೆ ತಿಂಗಳಿಗೆ 9,000 ರೂಪಾಯಿ ಕೊಟ್ಟರೆ ಹತ್ತು ತಿಂಗಳಿಗೆ 90,000 ಆಯಿತು. ಪುಸ್ತಕ, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಹಬ್ಬಕ್ಕೆ ಊರಿಗೆ ಹೋಗಿಬರುವ ಬಸ್ಸಿನ ದರ ಬೇರೆ. ಊರಿಗೆ ಹತ್ತಿರದ ಕಾಲೇಜು ಹೆಸರಿನಲ್ಲಿ ಸ್ವಲ್ಪ ಹಿಂದಿದ್ದರೂ ಲೆಕ್ಕದಲ್ಲಿ ಮುಂದಿರುವುದು ಹೀಗೆ.

ಸಾಲದ ಲೆಕ್ಕ

ಕೈಯಲ್ಲಿ ಹಣವಿಲ್ಲದಾಗ ಬ್ಯಾಂಕು ಇದೆ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯಿಂದ ವಿದ್ಯಾಭ್ಯಾಸದ ಸಾಲ ಸಾಮಾನ್ಯರಿಗೂ ದೊರೆಯುವಂತಾಯಿತು. ಓದುವಾಗ ಕಂತು ಕಟ್ಟಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದವರೆಗೂ ಬಿಡುವು. ಈ ಬಿಡುವೇ ಅನೇಕರ ಕಣ್ಣಿಗೆ ಮಂಕು ಕವಿಸುತ್ತದೆ. ಕಂತಿಗೆ ಬಿಡುವುಂಟು, ಬಡ್ಡಿಗೆ ಇಲ್ಲ.

ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ರೂಪಾಯಿ ಸಾಲವೆಂದಿಟ್ಟುಕೊಂಡರೆ, ನೂರಕ್ಕೆ 10ರ ಸರಳ ಬಡ್ಡಿಯಂತೆ, ಮೊದಲ ಕಂತು ಕಟ್ಟುವ ಹೊತ್ತಿಗೆ 2 ಲಕ್ಷ 80 ಸಾವಿರ ಬಡ್ಡಿ ಬೆಳೆದಿರುತ್ತದೆ. ತೀರಿಸಬೇಕಾದದ್ದು 10 ಲಕ್ಷ 80 ಸಾವಿರ. ಅದೇ ದರದಲ್ಲಿ ಹತ್ತು ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 14,270 ರೂಪಾಯಿ. ಒಟ್ಟು ಕಟ್ಟುವುದು 17 ಲಕ್ಷಕ್ಕೂ ಮೇಲೆ. ಭಾರವಾಯಿತೆಂದು ಅವಧಿಯನ್ನು ಹದಿನೈದು ವರ್ಷಕ್ಕೆ ಏರಿಸಿಕೊಂಡರೆ ಕಂತು ಸುಮಾರು 11,600ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಮೊತ್ತ 20 ಲಕ್ಷ 89 ಸಾವಿರಕ್ಕೆ ಏರುತ್ತದೆ. ಪಕ್ಕದಲ್ಲಿ ಕುಳಿತ ಸರ್ಕಾರಿ ಸೀಟಿನವಳು ವರ್ಷಕ್ಕೆ 60,000ದಂತೆ ಸಾಲ ಪಡೆದಿದ್ದರೆ ಅವಳ ಕಂತು ಹತ್ತು ವರ್ಷದ ಅವಧಿಗೆ ಸುಮಾರು 4,280 ಮಾತ್ರ. ಇಬ್ಬರಿಗೂ ಅದೇ ಪದವಿ, ಅದೇ ಕೆಲಸ, ಅದೇ ಸಂಬಳ. ವ್ಯತ್ಯಾಸ ತಿಂಗಳಿಗೆ ಹತ್ತು ಸಾವಿರ ರೂಪಾಯಿ. ಅದೂ ಹತ್ತು ವರ್ಷಗಳ ಕಾಲ.

ವರ್ಷಕ್ಕೆ 4 ಲಕ್ಷವೆಂದು ಹೇಳುವ ಸಂಬಳದಲ್ಲಿ ತಿಂಗಳಿಗೆ ಕೈಗೆ ಬರುವುದು 30,000ದ ಆಸುಪಾಸು. ಅದರಲ್ಲಿ 14,000 ಬ್ಯಾಂಕಿಗೆ ಹೋದರೆ ಬೆಂಗಳೂರಿನ ಬಾಡಿಗೆ, ಊಟ, ಊರಿನಲ್ಲಿರುವ ತಂದೆತಾಯಿಗಳ ಔಷಧಿ, ತಮ್ಮನ ಓದು, ಇವೆಲ್ಲಕ್ಕೂ ಉಳಿದ ಅರ್ಧವೇ ಗತಿ. ಸಾಲಪತ್ರಕ್ಕೆ ತಂದೆಯೋ ತಾಯಿಯೋ ಸಹಿ ಹಾಕಿರುತ್ತಾರೆ. ಕಂತು ತಪ್ಪಿದರೆ ಬ್ಯಾಂಕಿನ ನೋಟೀಸು ಬರುವುದು ಹಳ್ಳಿಯ ಮನೆಗೂ ಹೌದು. ದೊಡ್ಡ ಸಾಲಕ್ಕೆ ಮನೆಯನ್ನೋ ನಿವೇಶನವನ್ನೋ ಆಧಾರ ಮಾಡಿದವರ ಆತಂಕವನ್ನು ಹೇಳಬೇಕಾಗಿಯೇ ಇಲ್ಲ.

ಸಂಬಳದ ಸರಾಸರಿ ಎಂಬ ಮಾಯೆ

‘ನಮ್ಮ ಕಾಲೇಜಿನಲ್ಲಿ ಸರಾಸರಿ ಸಂಬಳ 8 ಲಕ್ಷ!’ ಎಂದು ಜಾಹೀರಾತು ಸಾರುತ್ತದೆ. ಹತ್ತು ಜನ ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿಗೆ 4 ಲಕ್ಷದಂತೆಯೂ ಒಬ್ಬನಿಗೆ 44 ಲಕ್ಷವೂ ದೊರೆತರೆ ಸರಾಸರಿ 8 ಲಕ್ಷವೇ. ಸುಳ್ಳೇನೂ ಇಲ್ಲ, ಆದರೆ ಆ 8 ಲಕ್ಷದ ಸಂಬಳ ಹತ್ತು ಜನರಲ್ಲಿ ಒಬ್ಬರಿಗೂ ಇಲ್ಲ. ಎಲ್ಲರ ಸಂಬಳವನ್ನೂ ಏರಿಕೆಯ ಕ್ರಮದಲ್ಲಿ ಬರೆದು ನಟ್ಟನಡುವೆ ನಿಂತವನದನ್ನು ನೋಡಬೇಕು. ಪ್ರೌಢಶಾಲೆಯ ಗಣಿತದಲ್ಲಿ ಕಲಿಸುವ ‘ಮಧ್ಯಾಂಕ’ವೇ ಅದು. ಇಲ್ಲಿ ಮಧ್ಯಾಂಕ 4 ಲಕ್ಷ. ಸಾಲ ತೀರಿಸಬೇಕಾದವರು ನೆಚ್ಚಬೇಕಾದದ್ದು ಇದನ್ನೇ.

‘ನೂರಕ್ಕೆ 90 ಮಂದಿಗೆ ಉದ್ಯೋಗ’ ಎಂದಾಗಲೂ ಯಾವ ನೂರು ಎಂದು ಕೇಳಬೇಕು. ಮೊದಲ ವರ್ಷಕ್ಕೆ ಸೇರಿದವರ ನೂರೇ, ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗಿ ಸಂದರ್ಶನಕ್ಕೆ ಅರ್ಹರಾದವರ ನೂರೇ? ಒಬ್ಬನಿಗೇ ದೊರೆತ ಮೂರು ನೇಮಕ ಪತ್ರಗಳನ್ನು ಮೂರೆಂದು ಎಣಿಸಿದ್ದಾರೆಯೇ?

ಇದನ್ನು ತಿಳಿಯಲು ದಾರಿಯಿದೆ. ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕೆ ಹೆಸರು ಕೊಡುವ ಕಾಲೇಜುಗಳು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಕಾಲದಲ್ಲಿ ಉತ್ತೀರ್ಣರಾದರು, ಎಷ್ಟು ಮಂದಿಗೆ ಕೆಲಸ ದೊರೆಯಿತು, ಅವರ ಸಂಬಳದ ಮಧ್ಯಾಂಕವೇನು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು ಎಂಬ ವಿವರಗಳನ್ನು ಒಪ್ಪಿಸಬೇಕು. ಅವು ಸಾರ್ವಜನಿಕರ ಅವಲೋಕನಕ್ಕೆ ತೆರೆದಿರುತ್ತವೆ. ಶ್ರೇಯಾಂಕದ ಸಂಖ್ಯೆಗಿಂತ ಈ ಐದು ಅಂಕಿಗಳೇ ಮನೆಯವರಿಗೆ ಹೆಚ್ಚು ಉಪಯುಕ್ತ. ಅವು ಕಾಲೇಜೇ ಒಪ್ಪಿಸಿದ ಅಂಕಿಗಳಾದ್ದರಿಂದ, ಇತ್ತೀಚೆಗೆ ಓದು ಮುಗಿಸಿದ ಇಬ್ಬರು ಮೂವರನ್ನು ವಿಚಾರಿಸಿ ತಾಳೆ ನೋಡುವುದು ಲೇಸು.

ಖರ್ಚು ತಗ್ಗಿಸುವ ದಾರಿಗಳು

ಬಡತನವಿದ್ದರೆ ದಾರಿಯೇ ಇಲ್ಲವೆಂದಲ್ಲ. ಎಸ್.ಎಸ್.ಎಲ್.ಸಿ. ಬಳಿಕ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು; ಒಂದು ವರ್ಷದ ದುಬಾರಿ ಶುಲ್ಕ ಉಳಿಯುತ್ತದೆ. ಕಡಿಮೆ ವರಮಾನದ ಕುಟುಂಬದ ಪ್ರತಿಭಾವಂತರಿಗೆ ಬೋಧನಾ ಶುಲ್ಕವಿಲ್ಲದ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟುಗಳಿವೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಸಿ.ಇ.ಟಿ. ಮೂಲಕ ಆಯ್ಕೆಯಾದವರಿಗೆ ‘ಅರಿವು’ ಯೋಜನೆಯಲ್ಲಿ ನೂರಕ್ಕೆ 2ರ ದರದಲ್ಲಿ ಸಾಲ ಕೊಡುತ್ತವೆ. 2009ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಂತೆ ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷದೊಳಗಿನ ಕುಟುಂಬದವರ ಸಾಲಕ್ಕೆ ಬಿಡುವಿನ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಮೇಲಿನ ಲೆಕ್ಕದ 2 ಲಕ್ಷ 80 ಸಾವಿರದ ಬಡ್ಡಿ ಇಂಥದೇ. 2024ರ ನವೆಂಬರಿನಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಕಾಲೇಜುಗಳಿಗೆ ಸೇರಿದವರಿಗೆ ಆಧಾರವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಆದ್ದರಿಂದ ತಾವು ಆರಿಸಿದ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಸೇರುವ ಮುನ್ನವೇ ನೋಡಬೇಕು.

ಸಾಲ ಮಾಡಿ ಓದಬಾರದೆಂಬುದು ಇದರ ತಾತ್ಪರ್ಯವಲ್ಲ. ದುಬಾರಿ ಕಾಲೇಜಿಗೆ ಸೇರಿದರೆ ತಿಂಗಳ ಕಂತು ಹತ್ತು ಸಾವಿರ ಹೆಚ್ಚಾಗುತ್ತದೆ ಎನ್ನೋಣ. ಅಗ್ಗದ ಕಾಲೇಜಿಗಿಂತ ಅಲ್ಲಿಯ ಸಂಬಳದ ಮಧ್ಯಾಂಕವೂ ತಿಂಗಳಿಗೆ ಹತ್ತು ಸಾವಿರವನ್ನು ಮೀರಿ ಹೆಚ್ಚಿದ್ದರೆ ಆ ಸಾಲ ಸಮಂಜಸ; ಇಲ್ಲವಾದರೆ ಅದು ಹೆಸರಿಗೆ ತೆತ್ತ ತೆರಿಗೆ. ನಾಲ್ಕು ವರ್ಷದ ಒಟ್ಟು ಖರ್ಚು, ಓದು ಮುಗಿದ ಮೇಲಿನ ತಿಂಗಳ ಕಂತು, ಸಾಧಾರಣ ವಿದ್ಯಾರ್ಥಿಯ ತಿಂಗಳ ಸಂಬಳ, ಈ ಮೂರನ್ನು ಪ್ರತಿಯೊಂದು ಕಾಲೇಜಿನ ಹೆಸರಿನ ಮುಂದೆ ಒಂದು ಹಾಳೆಯಲ್ಲಿ ಬರೆಯಲು ಅರ್ಧ ದಿನ ಸಾಕು. ಆ ಹಾಳೆಯನ್ನು ಮಗಳೋ ಮಗನೋ ತಮ್ಮ ಕೈಯಾರೆ ಬರೆಯಲಿ. ಮುಂದೆ ಕಂತು ಕಟ್ಟಬೇಕಾದವರು ಅವರೇ; ಅದರ ಭಾರವೆಷ್ಟೆಂಬುದು ಹೊರುವ ಮೊದಲೇ ಅವರಿಗೆ ತಿಳಿದಿರುವುದು ನ್ಯಾಯ.