ಕಹಿಯು ನಮಗೆ ಹೇಳುವುದೇನು?

ನಮ್ಮ ಹಿರಿಯರು ರಸಗಳು ಆರೆಂದು ಎಣಿಸಿ, ಅವುಗಳಲ್ಲಿ ಕಹಿಗೂ ಒಂದು ಸ್ಥಾನವನ್ನು ಕೊಟ್ಟರು. ಶಿಶುವಾದರೋ ಹುಟ್ಟಿದಂದಿನಿಂದಲೇ ಸಿಹಿಯನ್ನು ಚಪ್ಪರಿಸುವುದು, ಕಹಿಗೆ ಮುಖ ಕಿವುಚುವುದು. ಹಾಗಿದ್ದರೂ ಕೊಡಗಿನ ಮನೆಗೆ ಕಹಿಯು ದೂರದ ನೆಂಟನಲ್ಲ. ಅಂಗಳದಾಚೆಯ ಕಾಫಿ, ಚಪ್ಪರದ ಹಾಗಲ, ಮಳೆಗಾಲದ ಕಣಿಲೆ, ಹೆಸರಿನಲ್ಲಿಯೇ ಕಹಿಯನ್ನೂ ಹುಳಿಯನ್ನೂ ಕೂಡಿಸಿಕೊಂಡಿರುವ ಕೈಪುಳಿ, ಇವೆಲ್ಲವುಗಳಲ್ಲಿಯೂ ಅದು ಉಂಟು. ಈ ಕಹಿ ಎಂದರೇನು, ನಾಲಿಗೆಯು ಅದನ್ನು ಹೇಗೆ ಅರಿಯುತ್ತದೆ, ಮನೆಯನ್ನು ನಡೆಸುವವರು ಅದರಿಂದ ಕಲಿಯತಕ್ಕದ್ದೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗಾಗಿಯೂ ಪೋಷಕರಿಗಾಗಿಯೂ ಇಲ್ಲಿ ಸಂಕ್ಷೇಪವಾಗಿ ಬರೆದಿರುತ್ತೇನೆ.

ಹುಳಿಗೆ ಆಮ್ಲವೂ ಉಪ್ಪಿಗೆ ಲವಣವೂ ಕಾರಣವೆಂದು ವಿದ್ಯಾರ್ಥಿನಿಯರು ಶಾಲೆಯಲ್ಲಿ ಕಲಿತಿರುವರು. ಕಹಿಗೆ ಅಂತಹ ಒಂದೇ ಕಾರಣವಿಲ್ಲ. ಕಾಫಿಯ ಕೆಫೀನ್, ಸಿಂಕೋನಾ ತೊಗಟೆಯ ಕ್ವಿನೈನ್, ಹಾಗಲಕಾಯಿಯ ಕಹಿ ವಸ್ತುಗಳು ರಚನೆಯಲ್ಲಿ ಒಂದಕ್ಕೊಂದು ಬಹಳ ಭಿನ್ನವಾದ ಸಂಯುಕ್ತಗಳು. ಆದರೂ ನಾಲಿಗೆಯು ಇವೆಲ್ಲವಕ್ಕೂ ಒಂದೇ ಹೆಸರನ್ನು ಕೊಡುತ್ತದೆ.

ಇದು ಹೇಗೆಂದರೆ, ರುಚಿಮೊಗ್ಗುಗಳಲ್ಲಿರುವ ಕೆಲವು ಜೀವಕೋಶಗಳ ಹೊರಮೈಯಲ್ಲಿ ಗ್ರಾಹಕಗಳೆಂಬ ಸಸಾರಜನಕದ ಅಣುಗಳಿವೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಕಹಿ ವಸ್ತುವು ಗ್ರಾಹಕಕ್ಕೆ ಹೊಂದಿಕೊಂಡೊಡನೆ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಕಹಿಯ ಗ್ರಾಹಕಗಳನ್ನು ವಿಜ್ಞಾನಿಗಳು 2000ನೆಯ ಇಸವಿಯಲ್ಲಿ ಗುರುತಿಸಿದರು. ಸಿಹಿಗೆ ಮುಖ್ಯವಾಗಿ ಒಂದೇ ಬಗೆಯ ಗ್ರಾಹಕವಿದ್ದರೆ, ಮನುಷ್ಯನಲ್ಲಿ ಕಹಿಗೆ ಸುಮಾರು 25 ಬಗೆಗಳುಂಟು. ಕೆಫೀನ್ ಇವುಗಳಲ್ಲಿ ಐದನ್ನು ಎಚ್ಚರಿಸುತ್ತದೆ. ಕ್ವಿನೈನ್ ಇನ್ನೂ ಹೆಚ್ಚಿನವನ್ನು. ನಾಲಿಗೆಯ ಹಿಂಭಾಗದಲ್ಲಿ ಮಾತ್ರ ಕಹಿಯು ತಿಳಿಯುವುದೆಂದು ಹಳೆಯ ಪಠ್ಯಪುಸ್ತಕಗಳ ಚಿತ್ರಗಳು ತೋರಿಸುತ್ತಿದ್ದವು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳಲ್ಲಿಯೂ ಅದು ತಿಳಿಯುವುದೆಂದು ಈಗ ಸಿದ್ಧವಾಗಿದೆ.

ಒಂದು ರುಚಿಗೆ ಇಷ್ಟು ಮಂದಿ ಕಾವಲುಗಾರರೇಕೆ? ಓಡಿಹೋಗಲಾರದ ಗಿಡಮರಗಳು ತಮ್ಮನ್ನು ತಿನ್ನಬರುವ ಜೀವಿಗಳನ್ನು ತಡೆಯಲು ನಾನಾ ವಿಷಗಳನ್ನು ಕೂಡಿಸಿಟ್ಟುಕೊಳ್ಳುತ್ತವೆ. ವಿಷಗಳು ನಾನಾ ಬಗೆಯಾದುದರಿಂದ ಕಾವಲೂ ನಾನಾ ಬಗೆಯಾಗಬೇಕಾಯಿತು. ಕಾಫಿಗಿಡಕ್ಕೆ ಕೆಫೀನ್ ಹುಳುಗಳನ್ನು ತಡೆಯುವ ಆಯುಧವೇ. ರೊಬಸ್ಟಾ ಬೀಜದಲ್ಲಿ ಅದು ಅರೇಬಿಕಾದ ಸುಮಾರು ಎರಡರಷ್ಟಿರುವುದು. ಆದರೆ ಕೆಫೀನನ್ನು ತೆಗೆದ ಕಾಫಿಯೂ ಕಹಿಯೇ. ಏಕೆಂದರೆ ಬೀಜವನ್ನು ಹುರಿಯುವಾಗ ಅದರಲ್ಲಿರುವ ಕ್ಲೋರೊಜೆನಿಕ್ ಆಮ್ಲವು ಮಾರ್ಪಟ್ಟು ಬೇರೆ ಕಹಿ ವಸ್ತುಗಳು ಹುಟ್ಟುತ್ತವೆ.

ಹಾಗಾದರೆ ಕಹಿಯೆಲ್ಲ ವಿಷವೋ? ಅಲ್ಲ. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕವಾಂತೂ ಎಂಬ ರಸಾಯನಜ್ಞರು ಸಿಂಕೋನಾ ತೊಗಟೆಯಿಂದ ಬೇರ್ಪಡಿಸಿದ ಕ್ವಿನೈನ್ ಕಹಿಗಳಲ್ಲಿ ಪ್ರಸಿದ್ಧವಾದುದು. ನೀಲಗಿರಿಯಲ್ಲಿ 1860ರ ದಶಕದಲ್ಲಿ ಸಿಂಕೋನಾ ತೋಟಗಳನ್ನು ಎಬ್ಬಿಸಿದ್ದು ಇದಕ್ಕಾಗಿಯೇ. ಮಲೆನಾಡಿನ ಚಳಿಜ್ವರದಿಂದ ಎಷ್ಟೋ ಜೀವಗಳನ್ನು ಉಳಿಸಿದ ಈ ಮದ್ದನ್ನು ನಾಲಿಗೆಯು ವಿಷವೆಂದೇ ಬಗೆಯುವುದು. ಅದಕ್ಕೆ ಪ್ರತಿಯಾಗಿ, ಮಳೆಗಾಲದಲ್ಲಿ ಮೇಲೇಳುವ ಮಾರಕ ಅಣಬೆಗಳಲ್ಲಿ ಕೆಲವು ರುಚಿಯಾಗಿಯೇ ಇರುತ್ತವೆ. ಸೀಸದ ಒಂದು ಲವಣವಂತೂ ಸಿಹಿಯಾಗಿದೆ. ಆದುದರಿಂದ ಕಹಿಯು ತೀರ್ಪಲ್ಲ, ಎಚ್ಚರಿಕೆ ಮಾತ್ರ. ಎಚ್ಚರಿಕೆಯನ್ನು ಕೇಳಿ ನಿಂತು ವಿಚಾರಿಸುವುದು ಬುದ್ಧಿಯ ಕೆಲಸವು.

ನಮ್ಮ ಅಜ್ಜಿಯರು ಹೀಗೆ ವಿಚಾರಿಸಿದವರೇ. ಕಕ್ಕಡ ತಿಂಗಳಲ್ಲಿ ನಾವು ಪ್ರೀತಿಯಿಂದ ಉಣ್ಣುವ ಕಣಿಲೆಯು ಹಸಿಯಾಗಿರುವಾಗ ಅದರಲ್ಲಿ ಟ್ಯಾಕ್ಸಿಫಿಲಿನ್ ಎಂಬ ಕಹಿ ವಸ್ತುವಿರುವುದು. ಕಣಿಲೆಯನ್ನು ಹೆಚ್ಚಿದಾಗ ಅದು ಒಡೆದು ಹೈಡ್ರೊಜನ್ ಸಯನೈಡ್ ಎಂಬ ಕಡುವಿಷವನ್ನು ಬಿಡುತ್ತದೆ. ಹಿರಿಯರು ಈ ಹೆಸರುಗಳನ್ನು ಅರಿಯರು. ಆದರೆ ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೆನೆಹಾಕಿ, ದಿನವೂ ನೀರನ್ನು ಬದಲಾಯಿಸಿ, ಚೆನ್ನಾಗಿ ಕುದಿಸಿ ನೀರನ್ನು ಚೆಲ್ಲುವ ಕ್ರಮವನ್ನು ಕಂಡುಕೊಂಡರು. ವಿಷವು ನೀರಿನೊಡನೆಯೂ ಹಬೆಯೊಡನೆಯೂ ಹೋಗುವುದು. ಕಣಿಲೆಯನ್ನು ಕೊಂಡು ತಂದ ದಿನವೇ ಅವಸರದಿಂದ ಬೇಯಿಸಿ ಬಡಿಸುವವರು ಈ ಕ್ರಮವು ಬರಿಯ ಪದ್ಧತಿಯಲ್ಲವೆಂದು ತಿಳಿಯಬೇಕು.

ಇದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಹಾಗಲಕಾಯಿಗೆ ಕಹಿಯು ಸ್ವಭಾವ, ಸೋರೆಕಾಯಿಗೆ ಅಲ್ಲ. ಸೋರೆ, ಸೌತೆ ಮುಂತಾದವು ಕಹಿಯಾಗಿದ್ದರೆ ಕುಕುರ್ಬಿಟಾಸಿನ್ ಎಂಬ ವಿಷವು ಅವುಗಳಲ್ಲಿ ಹೆಚ್ಚಿದೆಯೆಂದು ಅರ್ಥ. 2010ರಲ್ಲಿ ದೆಹಲಿಯಲ್ಲಿ ಆರೋಗ್ಯಕ್ಕೆಂದು ಕಹಿ ಸೋರೆಯ ರಸವನ್ನು ಕುಡಿದ ಒಬ್ಬರು ಮೃತಪಟ್ಟರು. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಕಹಿಯಾದ ರಸವನ್ನು ಕುಡಿಯಲೇಕೂಡದೆಂದು ತಿಳಿಸಿತು. ಈ ವಿಷಕ್ಕೆ ಪ್ರತಿಮದ್ದಿಲ್ಲ. ಬೇಯಿಸಿದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಆದಕಾರಣ ಸೋರೆಯನ್ನು ಹೆಚ್ಚಿದೊಡನೆ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿರಿ. ಕಹಿಯಾಗಿದ್ದರೆ ಉಗುಳಿ, ಕಾಯನ್ನು ಬಿಸಾಡಿರಿ. ಬೆಲ್ಲದಿಂದಲೋ ಮಸಾಲೆಯಿಂದಲೋ ಅದನ್ನು ಮರೆಸುವುದು ಕಾವಲುಗಾರನ ಬಾಯಿ ಕಟ್ಟಿದಂತೆಯೇ ಸರಿ. ಅದನ್ನು ಕುಡಿದು ಅಥವಾ ತಿಂದು ವಾಂತಿಭೇದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಕೊನೆಗೆ ಮಕ್ಕಳ ವಿಷಯ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ಅಮೇರಿಕದ ರಸಾಯನಜ್ಞನು ಫೀನೈಲ್ ಥಯೊಕಾರ್ಬಮೈಡ್ ಎಂಬ ಪುಡಿಯು ಕೆಲವರಿಗೆ ಬಹಳ ಕಹಿಯಾಗಿಯೂ ಕೆಲವರಿಗೆ ರುಚಿಯಿಲ್ಲದೆಯೂ ತೋರುವುದನ್ನು ಪ್ರಕಟಿಸಿದನು. ಈ ಭೇದವು ವಂಶದಿಂದ ಬರುವುದು. ಅದಕ್ಕೆ ಮುಖ್ಯ ಕಾರಣವಾದ ಗ್ರಾಹಕದ ಜೀನನ್ನು 2003ರಲ್ಲಿ ಕಂಡುಹಿಡಿದರು. ಕೋಸು, ಸಾಸಿವೆಗಳ ಜಾತಿಯ ಕಹಿಯನ್ನು ಅರಿಯುವುದೂ ಇದೇ ಗ್ರಾಹಕವು. ಒಂದೇ ಪಂಕ್ತಿಯಲ್ಲಿ ಕುಳಿತ ಅಕ್ಕನಿಗೆ ಹಿತವಾದ ಪಲ್ಯವು ತಂಗಿಗೆ ನಿಜವಾಗಿಯೂ ಕಹಿಯಾಗಿರಬಹುದು. ಮುಖ ತಿರುಗಿಸಿದ ಮಗುವನ್ನು ಹಟಮಾರಿಯೆಂದು ಗದರಿಸುವ ಮೊದಲು ಇದನ್ನು ನೆನೆಯಿರಿ. ಬಲವಂತ ಬೇಡ; ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಬಡಿಸಿದರೆ ಅಭ್ಯಾಸವಾಗುವುದು. ಚಿಟಿಕೆ ಉಪ್ಪು ಕಹಿಯನ್ನು ತಗ್ಗಿಸುವುದೆಂಬುದನ್ನು ಶಾಸ್ತ್ರವೂ ಒಪ್ಪಿದೆ.

1958ರಲ್ಲಿ ಸ್ಕಾಟ್ಲೆಂಡಿನಲ್ಲಿ ದೊರೆತ ಡೆನಟೋನಿಯಮ್ ಎಂಬ ಅತ್ಯಂತ ಕಹಿಯಾದ ಸಂಯುಕ್ತವನ್ನು, ಮಕ್ಕಳು ಕುಡಿಯದಿರಲೆಂದು, ಮನೆಬಳಕೆಯ ಕೆಲವು ವಿಷದ್ರವಗಳಲ್ಲಿ ಬೆರೆಸುವರು. ಬಾಯಿಗೆ ಬೇಡವಾದ ರುಚಿಯೇ ಹೀಗೆ ಪ್ರಾಣಕ್ಕೆ ಕಾವಲಾಗಿದೆ. ಅದರ ಮಾತನ್ನು ಕೇಳುವುದನ್ನೂ, ಕೇಳಿ ವಿಚಾರಮಾಡುವುದನ್ನೂ ನಮ್ಮ ಹೆಣ್ಣುಮಕ್ಕಳು ಪಾಠದ ಕೊಠಡಿಯಲ್ಲಿ ಕಲಿತಂತೆ ಅಡಿಗೆಮನೆಯಲ್ಲಿಯೂ ಕಲಿಯಲಿ.