ಗಾಳಿಗೆ ಕೆದರುವ ಕೂದಲು, ಗಂಟಿಗೆ ಅಂಜುವ ಮನೆ

ಮುಂಗಾರಿನ ಮೊದಲ ಹದಮಳೆ ಬಿದ್ದ ಮರುವಾರದಿಂದ ಚಿಕಿತ್ಸಾಲಯಕ್ಕೆ ಬರುವ ತಾಯಂದಿರ ದೂರು ಬದಲಾಗುತ್ತದೆ. ಬೇಸಿಗೆಯುದ್ದಕ್ಕೂ ಬೆವರುಸಾಲೆ, ಉರಿಮೂತ್ರ, ತಲೆಸುತ್ತು ಎನ್ನುತ್ತಿದ್ದವರು ಈಗ ಮಗಳನ್ನು ಮುಂದೆ ನಿಲ್ಲಿಸಿ, "ಡಾಕ್ಟ್ರೇ, ಈ ಹುಡುಗಿ ತಲೆ ನೋಡ್ರಿ, ತೆಂಗಿನ ಗುಂಜು ಆದಂಗೆ ಆಗೈತೆ" ಎನ್ನುತ್ತಾರೆ. ಬಾಚಿದ ಅರ್ಧ ಗಂಟೆಗೆ ಕೂದಲು ಮತ್ತೆ ಕೆದರಿ ನಿಲ್ಲುತ್ತದೆ. ಹೆರಳು ಹಾಕಿದರೆ ಸುತ್ತಲೂ ಎಳೆಗಳು ನಿಗುರಿಕೊಳ್ಳುತ್ತವೆ. ಇದು ಪ್ರಾಣಕ್ಕೆ ಎರವಾಗುವ ರೋಗವಲ್ಲ. ಆದರೆ ಇದಕ್ಕಾಗಿ ಜನರು ಮಾಡಿಕೊಳ್ಳುವ ಉಪಾಯಗಳಲ್ಲಿ ಕೆಲವು ದೇಹಕ್ಕೆ ಕೇಡು ತರುತ್ತವೆ. ಕೂದಲಿನ ಬಗೆಗಿನ ಒಂದು ಭಯವಂತೂ ಹೆಣ್ಣುಮಕ್ಕಳ ಬಾಳನ್ನೇ ಹಾಳುಮಾಡಿದ್ದುಂಟು. ಆದ್ದರಿಂದ ಈ ತಿಂಗಳು ಇದನ್ನೇ ಬರೆಯುತ್ತಿದ್ದೇನೆ.

ಸೆಕೆ, ತೇವಾಂಶಗಳ ತೊಂದರೆ ಮಂಗಳೂರು, ಉಡುಪಿಯವರದು, ನಮ್ಮ ಬಯಲುಸೀಮೆಗೆ ಅದೇಕೆ ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲಿ ತೊಂದರೆ ಎರಡು ಹಂತದಲ್ಲಿ ಬರುತ್ತದೆ. ಮಾಘದಿಂದ ವೈಶಾಖದವರೆಗೆ ಹಿರಿಯೂರು, ಚಿತ್ರದುರ್ಗದ ಒಣಹವೆ, ಧೂಳು, ಬಿಸಿಲು, ಕೊಳವೆಬಾವಿಯ ಗಡಸು ನೀರು ಇವೆಲ್ಲ ಸೇರಿ ಕೂದಲನ್ನು ಒಣಗಿಸಿ ಅದರ ಹೊರಪದರವನ್ನು ಒರಟಾಗಿಸುತ್ತವೆ. ಆ ಬಳಿಕ ಮಳೆಯ ಆರ್ದ್ರತೆಯೂ ಆಷಾಢದ ಗಾಳಿಯೂ ಒಟ್ಟಿಗೆ ಬರುತ್ತವೆ. ಜೋಗಿಮಟ್ಟಿಯ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ, ಹೊಸದುರ್ಗದ ತೆಂಗಿನ ತೋಟಗಳಲ್ಲಿ ಕೆಲಸ ಮಾಡುವ ತಾಯಂದಿರಿಗೆ ಈ ತೇವ ಇನ್ನೂ ಹೆಚ್ಚು.

ಕೂದಲು ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಮನುಷ್ಯನ ಕೂದಲೆಳೆಯಿಂದಲೇ ಗಾಳಿಯ ತೇವವನ್ನು ಅಳೆಯುವ ಉಪಕರಣವನ್ನು ಮಾಡಿ, 1783ರಲ್ಲಿ ಅದರ ಕುರಿತು ಗ್ರಂಥವನ್ನೇ ಪ್ರಕಟಿಸಿದನು. ತೇವ ಹೆಚ್ಚಿದಾಗ ಕೂದಲು ತುಸು ಉದ್ದವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಆರೋಗ್ಯವಂತ ಕೂದಲಿನ ಮೇಲೆ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಪದರಗಳು ಒಂದರ ಮೇಲೊಂದು ಮಲಗಿರುತ್ತವೆ. ಬಿಸಿಲು, ಕ್ಷಾರ, ಉಜ್ಜಾಟಗಳಿಂದ ಆ ಹೆಂಚುಗಳು ಎದ್ದರೆ ನೀರು ಎಲ್ಲೆಂದರಲ್ಲಿ ಒಳಸೇರುತ್ತದೆ. ಒಂದು ಬದಿ ಹೆಚ್ಚು ಉಬ್ಬುತ್ತದೆ, ಇನ್ನೊಂದು ಬದಿ ಕಡಿಮೆ, ಎಳೆ ತಿರುಚಿಕೊಳ್ಳುತ್ತದೆ. ಗುಂಗುರು ಕೂದಲಿನವರಲ್ಲಿ ಇದು ಸಹಜವಾಗಿಯೇ ಹೆಚ್ಚು, ಏಕೆಂದರೆ ನೆತ್ತಿಯ ಜಿಡ್ಡು ಆ ಅಂಕುಡೊಂಕಿನ ಎಳೆಯುದ್ದಕ್ಕೂ ಇಳಿದು ತುದಿಯನ್ನು ಮುಟ್ಟುವುದಿಲ್ಲ.

ಆಯುರ್ವೇದವು ಕೂದಲನ್ನು ಅಸ್ಥಿಧಾತುವಿನ ಮಲವೆಂದು ಎಣಿಸುತ್ತದೆ. ಅಸ್ಥಿಯು ವಾತದ ಆಶ್ರಯ. ಗ್ರೀಷ್ಮದಲ್ಲಿ ಸಂಚಯವಾದ ವಾತವು ವರ್ಷಋತುವಿನಲ್ಲಿ ಪ್ರಕೋಪಗೊಳ್ಳುತ್ತದೆ ಎಂದು ಋತುಚರ್ಯೆ ಹೇಳುತ್ತದೆ. ತಾಯಂದಿರ ದೂರು ಆಷಾಢದಲ್ಲೇ ಏಕೆ ಏರುತ್ತದೆ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿವರಣೆ ನನಗೆ ಬೇಕಿಲ್ಲ. ವಾತಪ್ರಕೃತಿಯವರ ಕೂದಲು ಧೂಸರವೂ ಸೀಳುವಂಥದೂ ಆಗಿರುತ್ತದೆಂದು ವಾಗ್ಭಟರು ಹೇಳಿದ್ದಾರೆ. ಪ್ರಕೃತಿ ಎಂದರೆ ಹುಟ್ಟಿನೊಂದಿಗೆ ಬಂದದ್ದು. ಅದನ್ನು ಹದದಲ್ಲಿಡಬಹುದೇ ಹೊರತು ಬದಲಿಸಲಾಗದು. ಗುಂಗುರು ಕೂದಲನ್ನು ನೇರ ಮಾಡುವ ಎಣ್ಣೆಯನ್ನು ಯಾರಾದರೂ ಮಾರಲು ಬಂದರೆ, ಅವರು ಆಯುರ್ವೇದದ ಹೆಸರನ್ನೇ ಹೇಳಿದರೂ ನಂಬಬೇಡಿ.

ಮೊದಲು ನೀರಿನ ವಿಷಯ. ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿಪದರ ಕಟ್ಟುವ ಮನೆಯಲ್ಲಿ ಕೂದಲಿಗೂ ಅದೇ ಗತಿ. ಕುಡಿಯುವ ನೀರಿಗೆ ಭಾರತೀಯ ಮಾನಕವು ಸೂಚಿಸುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಬೂದುಬಣ್ಣದ ಕೆನೆಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಮೈಸೋಪನ್ನೋ, ಅದಕ್ಕಿಂತ ಕ್ಷಾರವಾದ ಬಟ್ಟೆಸೋಪನ್ನೋ ತಲೆಗೆ ತಿಕ್ಕಿಕೊಳ್ಳುವ ಹಾಸ್ಟೆಲ್ ಮಕ್ಕಳ ತಲೆ ಮುಟ್ಟಿದರೆ ಇದು ತಕ್ಷಣ ತಿಳಿಯುತ್ತದೆ. ವಿದ್ಯಾರ್ಥಿನಿಲಯ ನಡೆಸುವವರು ವಾರಕ್ಕೊಮ್ಮೆ ತಲೆಸ್ನಾನದ ಮಟ್ಟಿಗಾದರೂ ನಲ್ಲಿಯ ನೀರನ್ನೋ ತಾರಸಿಯಿಂದ ಹಿಡಿದ ಮಳೆನೀರನ್ನೋ ಒದಗಿಸಿದರೆ ಎಷ್ಟೋ ಉಪಕಾರ. ಅದಿಲ್ಲದಿದ್ದರೆ ಕೊನೆಯ ಬಕೆಟ್ ನೀರಿಗೆ ಒಂದು ನಿಂಬೆಹಣ್ಣಿನ ರಸವನ್ನು ಸೋಸಿ ಬೆರೆಸಿ ತಲೆಗೆ ಹಾಕಿಕೊಳ್ಳಿ, ನಂತರ ಒಂದು ಚೊಂಬು ಬರಿನೀರು. ಮೈಮೇಲೆ ನಿಂಬೆರಸ ಉಳಿದಂತೆಯೇ ಬಿಸಿಲಿಗೆ ಹೋಗಬಾರದು, ಚರ್ಮ ಸುಟ್ಟಂತೆ ಕಪ್ಪಾಗುತ್ತದೆ.

ಸೀಗೆಕಾಯಿ, ಅಂಟುವಾಳಗಳ ನೊರೆ ಗಡಸು ನೀರಿನಲ್ಲಿ ಹೀಗೆ ಕೆನೆಗಟ್ಟುವುದಿಲ್ಲ. ನಮ್ಮ ಸೀಮೆಯ ಕುರುಚಲು ಕಾಡಿನ ಕೊಡುಗೆಯೊಂದಿದೆ, ತುಗ್ಗಲಿ. ಚುಜ್ಜಲು ಎಂದೂ ಕರೆಯುತ್ತಾರೆ. ಅದರ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ, ಅನ್ನ ಬಸಿದ ಗಂಜಿಯಲ್ಲಿ ಕಲಸಿ ತಲೆಗೆ ಹಚ್ಚುತ್ತಿದ್ದ ಅಜ್ಜಿಯಂದಿರು ಇಂದೂ ಇದ್ದಾರೆ. ಜಿಡ್ಡು ಹೋಗುತ್ತದೆ, ಆದರೆ ಕೂದಲು ಬರಡಾಗುವುದಿಲ್ಲ. ಸೀಗೆಗಿಂತ ಇದು ಸೌಮ್ಯವೆಂಬುದು ನನ್ನ ಅನುಭವ. ದಾಸವಾಳದ ಎಲೆಯ ಲೋಳೆಯೂ ಒಳ್ಳೆಯದೇ. ಶಾಂಪೂ ಬಳಸುವವರನ್ನು ನಾನು ಬೈಯುವುದಿಲ್ಲ. ವಾರಕ್ಕೆ ಎರಡು ಸಲ, ನೀರಿನಲ್ಲಿ ಕರಗಿಸಿ, ನೆತ್ತಿಗೆ ಮಾತ್ರ ಹಚ್ಚಿ, ತುದಿಗೆ ಕಂಡೀಷನರ್ ಹಾಕಿದರೆ ಸಾಕು.

ಲಿಂಗಪೂಜೆಗೆ ಮುನ್ನ ಪ್ರತಿದಿನ ತಲೆಗೆ ಸ್ನಾನ ಮಾಡುವ ಹಿರಿಯರು ನಮ್ಮಲ್ಲಿ ಬಹಳ. ಮಾಡಲಿ, ಆದರೆ ದಿನವೂ ತಲೆಗೆ ಸೋಪು ಬೇಡ, ಸುಡುನೀರಂತೂ ಬೇಡವೇ ಬೇಡ. ಬಿಸಿನೀರನ್ನು ಕತ್ತಿನಿಂದ ಕೆಳಗೆ ಎರೆದುಕೊಂಡರೆ ಬಲ, ಅದನ್ನೇ ತಲೆಗೆ ಎರೆದುಕೊಂಡರೆ ಕೂದಲಿಗೂ ಕಣ್ಣಿಗೂ ಬಲಹಾನಿ ಎಂದು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಪೂಜೆಗೆ ಹೊತ್ತಾಯಿತೆಂದು ಒದ್ದೆ ಕೂದಲನ್ನೇ ತುರುಬು ಕಟ್ಟಿ ಸೆರಗು ಹೊದೆಯುವ ರೂಢಿಯನ್ನೂ ಬಿಡಬೇಕು. ಒಳಗೆ ಬೂಷ್ಟು ಹಿಡಿದ ವಾಸನೆ, ತುರಿಕೆ, ಹೊಟ್ಟು ಎಲ್ಲ ಅಲ್ಲಿಂದಲೇ. ಟವೆಲಿನಿಂದ ಬಡಿದು ಕೊಡವುವ ಬದಲು ಹಳೆಯ ಹತ್ತಿಪಂಚೆಯಿಂದ ಒತ್ತಿ ನೀರು ತೆಗೆಯಿರಿ.

ಎಣ್ಣೆಗೆ ಹೊಸದುರ್ಗ, ಹಿರಿಯೂರಿನವರು ಬೇರೆಲ್ಲೂ ಹುಡುಕಬೇಕಿಲ್ಲ. ತೆಂಗು, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿದ ಭಾರತೀಯ ವಿಜ್ಞಾನಿಗಳ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಕೂದಲಿನ ಒಳಹೊಕ್ಕು ಅದರ ಪ್ರೋಟೀನ್ ತೊಳೆದುಹೋಗದಂತೆ ತಡೆದದ್ದು ತೆಂಗಿನೆಣ್ಣೆ ಮಾತ್ರ. ಅಧ್ಯಯನ ನಡೆಸಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಬೇಕು. ಆದರೂ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ. ಎಣ್ಣೆಯನ್ನು ಸ್ನಾನಕ್ಕೆ ಮೊದಲು, ಹಿಂದಿನ ರಾತ್ರಿಯೋ ಎರಡು ಗಂಟೆ ಮುಂಚೆಯೋ ಹಚ್ಚಬೇಕು. ಸ್ನಾನದ ಮೇಲೆ ತೊಟ್ಟಿಕ್ಕುವಷ್ಟು ಹಚ್ಚಿ ಬಸ್ಸು ಹತ್ತಿದರೆ ಹೆದ್ದಾರಿಯ ಧೂಳೆಲ್ಲ ತಲೆಯಲ್ಲೇ ಕೂರುತ್ತದೆ. ಹರಳೆಣ್ಣೆಯನ್ನು ಅದೊಂದನ್ನೇ ಹಚ್ಚಬೇಡಿ, ಬಹಳ ಅಂಟು. ನಾಲ್ಕು ಪಾಲು ತೆಂಗಿನೆಣ್ಣೆಗೆ ಒಂದು ಪಾಲು ಸಾಕು. ನೆಗಡಿ, ಅಜೀರ್ಣ ಇರುವಾಗ ಅಭ್ಯಂಗ ಬೇಡ.

ಸ್ನಾನದ ನಂತರ ಕೆದರದಂತೆ ಇಡಲು ಅಗಸೆ ಬೀಜದ ಲೋಳೆಯಷ್ಟು ಅಗ್ಗದ ಉಪಾಯ ಇನ್ನೊಂದನ್ನು ನಾನು ಕಾಣೆ. ಎರಡು ಚಮಚ ಬೀಜವನ್ನು ಎರಡು ಲೋಟ ನೀರಿನಲ್ಲಿ ಏಳೆಂಟು ನಿಮಿಷ ಕುದಿಸಿ, ಲೋಳೆಸರದ ಹದಕ್ಕೆ ಬಂದಾಗ ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಸೋಸಲು ಬಾರದು, ಇದನ್ನು ಮರೆತು ಬೀಜ ಸಮೇತ ತಂದು ತೋರಿಸಿದವರಿದ್ದಾರೆ. ಇನ್ನೂ ತುಸು ಒದ್ದೆಯಿರುವ ಕೂದಲಿಗೆ ಬೆರಳಿನಿಂದ ಸವರಿ ಹಾಗೆಯೇ ಒಣಗಲು ಬಿಡಬೇಕು. ಹೊರಗಿಟ್ಟರೆ ಒಂದೆರಡು ದಿನಕ್ಕೆ ಕೆಡುತ್ತದೆ. ಬಾಚುವುದು ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಮೇಲಕ್ಕೆ.

ಇಷ್ಟೆಲ್ಲ ಮಾಡಿದರೂ ಸರಿಹೋಗದ, ಅದರಲ್ಲೂ ಮೊದಲು ನಯವಾಗಿದ್ದು ಕೆಲವು ತಿಂಗಳಲ್ಲಿ ಒರಟಾದ ಕೂದಲನ್ನು ಕಂಡರೆ ನಾನು ಎಣ್ಣೆ ಬರೆಯುವುದಿಲ್ಲ, ರಕ್ತಪರೀಕ್ಷೆ ಬರೆಯುತ್ತೇನೆ. ಥೈರಾಯ್ಡ್ ಗ್ರಂಥಿ ಮಂದವಾದವರಲ್ಲಿ ಕೂದಲು ಒಣಗಿ ಬಿರುಸಾಗುತ್ತದೆ. ಜೊತೆಗೆ ಆಯಾಸ, ಚಳಿ ತಡೆಯದಿರುವುದು, ಮಲಬದ್ಧತೆ, ತೂಕ ಏರುವುದು. ಮುಟ್ಟಿನ ಸ್ರಾವ ಹೆಚ್ಚಿರುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯಿಂದಲೂ ಕೂದಲು ಸೊರಗುತ್ತದೆ. ಇವಕ್ಕೆ ಅಲೋಪತಿಯ ಮಾತ್ರೆ ಬೇಕಾದರೆ ಅದನ್ನೇ ಕೊಡಿಸಬೇಕು.

ಈಗ ಪಾರ್ಲರಿನ ಮಾತು. ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ಕರಾವಳಿಯ ಕಾಲೇಜಿಗೆ ಸೇರಿದಳು. ಅಲ್ಲಿನ ಸೆಕೆಗೆ ಅವಳ ಗುಂಗುರು ಕೂದಲು ಇಮ್ಮಡಿಯಾಗಿ ಹರಡಿತು; ಗೆಳತಿಯರು ನಕ್ಕರು. ಅಪ್ಪ ಮೆಸ್ಸಿಗೆ ಕಳುಹಿಸಿದ ಹಣದಲ್ಲಿ ಕೂದಲನ್ನು ನೇರ ಮಾಡಿಸಿಕೊಂಡಳು. ರಜೆಗೆ ಬಂದಾಗ ನೆತ್ತಿಯಲ್ಲಿ ಹುಣ್ಣು, ತುಂಡುತುಂಡಾಗುವ ಕೂದಲು. ಅವಳು ಅಷ್ಟಕ್ಕೇ ಪಾರಾದಳು. 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಟ್ಯುನೀಷಿಯಾದ 26 ವರ್ಷದ ಮಹಿಳೆಯೊಬ್ಬಳ ವೃತ್ತಾಂತ ಬಂದಿದೆ. 2020, 2021, 2022ರಲ್ಲಿ ಮೂರು ಸಲ ಕೂದಲು ನೇರ ಮಾಡಿಸಿಕೊಂಡಳು, ಮೂರು ಸಲವೂ ಅವಳ ಮೂತ್ರಪಿಂಡಗಳಿಗೆ ಪೆಟ್ಟಾಯಿತು. ಆ ಲೇಪದಲ್ಲಿದ್ದದ್ದು ಗ್ಲೈಆಕ್ಸಿಲಿಕ್ ಆಮ್ಲ. ಅದನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದಾಗ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಳು ಕಂಡವು. ಇನ್ನು ಕೆಲವು ಲೇಪಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಲೇಪ ಹಾಕಿಸಿಕೊಂಡ ಬಳಿಕ ವಾಂತಿ, ಸೊಂಟನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಪಾರ್ಲರಿಗೆ ಹೋದದ್ದನ್ನು ವೈದ್ಯರಿಂದ ಮುಚ್ಚಿಡಬಾರದು. ಆ ಹುಡುಗಿಗೆ ನಾನು ನಮ್ಮ ಗೋಡೆಯ ಮೇಲಿನ ಅಕ್ಕಮಹಾದೇವಿಯವರ ಚಿತ್ರ ತೋರಿಸಿದೆ. ಮೈಮುಚ್ಚುವ ಆ ಕೂದಲನ್ನು ಕ್ಯಾಲೆಂಡರಿನವರು ನೇರವಾಗಿಯೇ ಬರೆಯುತ್ತಾರೆ. ಅಕ್ಕನವರ ಕೂದಲು ಗುಂಗುರಾಗಿತ್ತೋ ಏನೋ, ಕಂಡವರಾರು? ಅವಳು ನಕ್ಕಳು.

ಇನ್ನೊಂದು ಸಂಗತಿ ನಗುವಂಥದಲ್ಲ. ಕೆಲವು ವರ್ಷಗಳ ಹಿಂದೆ ಹಿರಿಯೂರಿನ ಆಚೆಯ ಹಳ್ಳಿಯಿಂದ ತಾಯಿಯೊಬ್ಬಳು ಹನ್ನೊಂದು ವರ್ಷದ ಮಗಳನ್ನು ಕತ್ತುನೋವೆಂದು ಕರೆತಂದಳು. ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿತ್ತು. ಬಿಚ್ಚಿಸಿದರೆ ಹಿಂದಲೆಯಲ್ಲಿ ಅಂಗೈಯಗಲದ ಗಟ್ಟಿ ಗಂಟು, ಅದರ ಮೇಲೆ ಭಂಡಾರ. "ಜಡೆ ಬಂದೈತೆ ಸ್ವಾಮಿ, ಅಮ್ಮ ಹಿಡಿದವ್ಳೆ, ಕತ್ತರಿಸಿದ್ರೆ ರಕ್ತ ಬರ್ತೈತಂತೆ" ಎಂದಳು. ಮಗಳನ್ನು ದೇವಿಗೆ ಬಿಡಬೇಕೆಂದು ಹೇಳಿದವರೂ ಇದ್ದರು. ಶಾಲೆ ಬಿಟ್ಟು ಮೂರು ತಿಂಗಳಾಗಿತ್ತು.

ತಲೆಯಿಂದ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಬಾಚದಿದ್ದರೆ ಅವು ಉಳಿದ ಕೂದಲಿನಲ್ಲೇ ಸಿಕ್ಕಿ, ಬೆವರು, ಎಣ್ಣೆ, ಧೂಳು ಸೇರಿ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಒರಟು ಗುಂಗುರು ಕೂದಲಿನಲ್ಲಿ ಇದು ಬೇಗ ಆಗುತ್ತದೆ. ಜ್ವರ ಬಂದು ಮಲಗಿದ ಮಗು, ಬಾಣಂತಿ, ಮಂಕು ಹಿಡಿದ ಹೆಂಗಸು ಇವರಲ್ಲಿ ಹೆಚ್ಚು, ಏಕೆಂದರೆ ಅವರ ತಲೆ ಬಾಚುವವರಿರುವುದಿಲ್ಲ. ಈ ಬಾಲೆಗೂ ಮೊದಲು ಬಂದದ್ದು ಜ್ವರವೇ. ಕೂದಲೆಳೆಯಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಕತ್ತರಿಸಿದರೆ ರಕ್ತ ಬರಲು ಅಲ್ಲಿ ರಕ್ತವೇ ಇಲ್ಲ. ಇಂಥ ಗಂಟನ್ನು ದೇವಿಯ ಕರೆಯೆಂದು ನಂಬಿಸಿ ಬಡವರ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಮಾಡಿದ ಕೆಟ್ಟ ಚರಿತ್ರೆ ನಮ್ಮ ನಾಡಿನದು. ಹಾಗೆ ಬಿಡುವುದನ್ನೂ, ಬಿಡಿಸಲು ನೆರವಾಗುವುದನ್ನೂ 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯೇ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಬಸವಾದಿ ಶರಣರ ಹೆಸರು ಹೇಳುವ ನಮ್ಮ ಮನೆಗಳಲ್ಲೂ "ನಮಗ್ಯಾಕೆ, ಇದ್ದರೆ ಇರಲಿ" ಎಂದು ಗಂಟಿಗೆ ಕುಂಕುಮ ಹಚ್ಚುವವರನ್ನು ಕಂಡಿದ್ದೇನೆ. ಅದು ನನಗೆ ಹೆಚ್ಚು ನೋವಿನ ಮಾತು.

ಗಂಟು ಹೊಸದಿದ್ದರೆ ತೆಂಗಿನೆಣ್ಣೆಯಲ್ಲಿ ನೆನೆಸಿ, ತುದಿಯಿಂದ ಬೆರಳಿನಲ್ಲೇ ಎರಡು ಮೂರು ದಿನ ಬಿಡಿಸಿದರೆ ಬಿಡುತ್ತದೆ. ಹಳೆಯದಾದರೆ ಕತ್ತರಿಯೇ ಔಷಧ. ಒಳಗೆ ಹೇನು, ಕೀವು, ಹುಣ್ಣು ಇರುವುದುಂಟು. ಆಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆಸುವುದು ಲೇಸು. ಆ ತಾಯಿ ಮೊದಲ ದಿನ ಒಪ್ಪದೆ ಎದ್ದುಹೋದಳು. ನಾನು ಬಲವಂತ ಮಾಡಲಿಲ್ಲ, ನೋವಿಗೆ ಔಷಧ ಕೊಟ್ಟು ಕಳುಹಿಸಿದೆ. ಎಂಟನೆಯ ದಿನ ಗಂಡನೊಂದಿಗೆ ಬಂದಳು. ಮೊದಲ ಕತ್ತರಿಯನ್ನು ಅವಳ ಕೈಯಲ್ಲೇ ಹಾಕಿಸಿದೆ. ಕೈ ನಡುಗುತ್ತಿತ್ತು. ಒಂದೆಳೆ, ಇನ್ನೊಂದೆಳೆ, ರಕ್ತ ಬರಲಿಲ್ಲ. ಉಳಿದದ್ದನ್ನು ನಮ್ಮ ದಾದಿ ಕತ್ತರಿಸಿದಳು. ಹದಿನೈದು ದಿನಕ್ಕೆ ಕತ್ತುನೋವು ಹೋಯಿತು, ಮುಂದಿನ ತಿಂಗಳು ಹುಡುಗಿ ಶಾಲೆಗೆ ಹೋದಳು. ಈಗ ಕಾಲೇಜಿನಲ್ಲಿದ್ದಾಳೆ. ಆಷಾಢ ಬಂದರೆ ಅವಳ ಕೂದಲು ಇಂದಿಗೂ ಕೆದರುತ್ತದೆ. ಅಗಸೆಯ ಲೋಳೆ ಕಾಯಿಸಿಕೊಡುವವಳು ಆ ತಾಯಿಯೇ.